ಹದಿಮೂರನೆಯ ಶಾಸನದ ದಾರಿ: ಸನ್ನತಿಯಿಂದ ಎರ್ರಗುಡಿಗೆ ಆರು ದಿನ

ಕಳಿಂಗ ಯುದ್ಧದಲ್ಲಿ ಎಷ್ಟು ಜನ ಸತ್ತರು ಎನ್ನುವುದು ನಮಗೆ ಗೊತ್ತಾದದ್ದು ಗೆದ್ದವನ ಬಾಯಿಂದಲೇ. ಅಶೋಕ ಬಂಡೆಗಳ ಮೇಲೆ ಬರೆಸಿದ ಹದಿನಾಲ್ಕು ದೊಡ್ಡ ಶಾಸನಗಳ ಸಾಲಿನಲ್ಲಿ ಹದಿಮೂರನೆಯದರಲ್ಲಿ ಲೆಕ್ಕ ಕೊಟ್ಟಿದ್ದಾನೆ: ಸೆರೆಯಾಗಿ ನಾಡು ಬಿಟ್ಟವರು ಒಂದೂವರೆ ಲಕ್ಷ, ಅಲ್ಲೇ ಕೊಲೆಯಾದವರು ಒಂದು ಲಕ್ಷ, ಆಮೇಲೆ ಸತ್ತವರು ಅದರ ಎಷ್ಟೋ ಪಟ್ಟು. ಕರ್ನಾಟಕದಲ್ಲಿ ಅಶೋಕನ ಶಾಸನಗಳು ಸನ್ನತಿ, ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ನಿಟ್ಟೂರು, ಉಡೇಗೋಳ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಸಿಕ್ಕಿವೆ. ಈ ಒಂಬತ್ತರಲ್ಲಿ ಎಲ್ಲಿಯೂ ಕಳಿಂಗದ ಮಾತಿಲ್ಲ. ಅದನ್ನು ಓದಬೇಕಾದರೆ ಬಳ್ಳಾರಿ ದಾಟಿ ಆಂಧ್ರದ ಎರ್ರಗುಡಿಗೆ ಹೋಗಬೇಕು. ಆದ್ದರಿಂದ ಈ ದಾರಿ ಭೀಮಾ ತೀರದಲ್ಲಿ ಶುರುವಾಗಿ ಎರ್ರಗುಡಿಯಲ್ಲಿ ಮುಗಿಯುತ್ತದೆ. ಒಟ್ಟು ಸುಮಾರು 700 ಕಿ.ಮೀ., ಆರು ದಿನ.

ನವೆಂಬರ್‌ನಿಂದ ಫೆಬ್ರವರಿ ನಡುವಿನವರೆಗೆ ಹೋಗುವುದು ಒಳ್ಳೆಯದು. ಮಾರ್ಚ್ ಬಂತೆಂದರೆ ಕೊಪ್ಪಳ, ಬಳ್ಳಾರಿ ಕಡೆಯ ಬಂಡೆಗಳು ಹತ್ತು ಗಂಟೆಗೇ ಕೈಯಿಡಲಾಗದಷ್ಟು ಕಾಯುತ್ತವೆ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಹುಲ್ಲು ಸೊಂಟದವರೆಗೆ ಬೆಳೆದು ಹಾವಿನ ಭಯ ಇರುತ್ತದೆ. ಮುಖ್ಯವಾಗಿ ಬೇಕಾದದ್ದು ಒಂದು ಒಳ್ಳೆಯ ಟಾರ್ಚ್. ಅಶೋಕನ ಕಾಲದ ಅಕ್ಷರಗಳನ್ನು ಆಳವಾಗಿ ಕೊರೆದಿಲ್ಲ. ನೆತ್ತಿಯ ಬಿಸಿಲಿನಲ್ಲಿ ಎದುರು ನಿಂತು ನೋಡಿದರೆ ಬರೀ ಬಂಡೆ ಕಾಣುತ್ತದೆ. ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ಒರಗಿಸಿದಂತೆ ಹಿಡಿದು ಪಕ್ಕದಿಂದ ಬೆಳಕು ಹಾಯಿಸಿದರೆ ಪ್ರತಿ ಗೀರಿನ ಒಂದು ಅಂಚು ನೆರಳಾಗಿ ಅಕ್ಷರ ಏಳುತ್ತದೆ. ಎಡದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಬೆಳಕು ಹಾಯಿಸಬೇಕು. ಏಕೆಂದರೆ ಬೆಳಕಿನ ದಿಕ್ಕಿನಲ್ಲೇ ಇರುವ ಗೀರು ನೆರಳು ಕೊಡುವುದಿಲ್ಲ, ಅಕ್ಷರದ ಅರ್ಧ ತಪ್ಪಿಹೋಗುತ್ತದೆ. ಸುಣ್ಣದ ಕಡ್ಡಿ, ಹಿಟ್ಟು, ನೀರು ಯಾವುದನ್ನೂ ಕಲ್ಲಿಗೆ ಹಚ್ಚಬಾರದು. ಇವು ಸಂರಕ್ಷಿತ ಸ್ಮಾರಕಗಳು, ಹಾಗೆ ಮಾಡುವುದು ಅಪರಾಧ. ಸುಣ್ಣ ಗೀರಿನೊಳಗೆ ಕೂತರೆ ಮುಂದೆ ನೋಡುವವರಿಗೆ ಅಕ್ಷರದ ಅಂಚೇ ಸಿಗುವುದಿಲ್ಲ.

ಮೊದಲ ದಿನ: ಸನ್ನತಿ, ಕನಗನಹಳ್ಳಿ

ಕಲಬುರಗಿಯಿಂದ ಬೆಳಿಗ್ಗೆ ಆರೂವರೆಗೆ ಹೊರಟು ಶಹಾಬಾದ್, ವಾಡಿ, ನಾಲವಾರ ಹಾದು ಸನ್ನತಿ ತಲುಪಬೇಕು. ರೈಲಿನಲ್ಲಿ ಬರುವವರು ನಾಲವಾರದಲ್ಲಿ ಇಳಿಯಬಹುದು. ದಾರಿಯುದ್ದಕ್ಕೂ ಕಾಣುವ ಶಹಾಬಾದ್ ಕಲ್ಲಿನ ಕ್ವಾರಿಗಳನ್ನು ಗಮನಿಸಿಕೊಂಡು ಹೋಗುವುದು ಒಳ್ಳೆಯದು. ಪದರ ಪದರವಾಗಿ ಏಳುವ ಇಂಥ ಸುಣ್ಣಕಲ್ಲಿನ ಮೇಲೆಯೇ ಎರಡು ಸಾವಿರ ವರ್ಷದ ಹಿಂದಿನ ಶಿಲ್ಪಿಗಳು ಕೆಲಸ ಮಾಡಿದ್ದು.

ಕನಗನಹಳ್ಳಿಯನ್ನು ಮೊದಲು ನೋಡಬೇಕು. ಇಲ್ಲಿನ ಮಹಾಸ್ತೂಪವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ 1990ರ ದಶಕದಲ್ಲಿ ಅಗೆದು ತೆಗೆಯಿತು. ಶಾಸನಗಳಲ್ಲಿ ಇದರ ಹೆಸರು ಅಧೋಲೋಕ ಮಹಾಚೈತ್ಯ. ಒಂದು ಫಲಕದಲ್ಲಿ ರಾಜ, ಪಕ್ಕದಲ್ಲಿ ರಾಣಿ, ಸುತ್ತ ಛತ್ರ ಚಾಮರ ಹಿಡಿದವರು ಇದ್ದಾರೆ. ಅಲ್ಲಿ ಆ ಕಾಲದ ಬ್ರಾಹ್ಮಿ ಲಿಪಿಯಲ್ಲಿ ಬರೆದಿರುವುದು "ರಾಯ ಅಸೋಕೋ". ಹೆಸರು ಬರೆದ ಅಶೋಕನ ಚಿತ್ರ ಎಂದು ಇದು ಹೆಸರಾಗಿದೆ. ಆದರೆ ಇದನ್ನು ಅಶೋಕನ ಮುಖ ಎಂದು ತಿಳಿಯಬಾರದು. ಶಾತವಾಹನರ ಕಾಲದ ಶಿಲ್ಪಿ, ಅಶೋಕ ಸತ್ತು ತಲೆಮಾರುಗಳು ಕಳೆದ ಮೇಲೆ ತನ್ನ ಕಾಲದ ರಾಜನನ್ನು ನೋಡಿ ಕೆತ್ತಿದ್ದು ಅದು. ಅಷ್ಟು ವರ್ಷ ಕಳೆದರೂ ಭೀಮಾ ತೀರದ ಬೌದ್ಧರಿಗೆ ಆ ಹೆಸರು ನೆನಪಿತ್ತು, ಕಲ್ಲಿನಲ್ಲಿ ಬರೆಸುವಷ್ಟು ಗೌರವ ಉಳಿದಿತ್ತು. ಸ್ತೂಪದ ಫಲಕಗಳಲ್ಲಿ ಶಾತವಾಹನ ಅರಸರೂ ಹೆಸರು ಸಮೇತ ಇದ್ದಾರೆ.

ಅಲ್ಲಿಂದ ಸನ್ನತಿಯ ಚಂದ್ರಲಾಂಬಾ ಗುಡಿಗೆ ಕೆಲವೇ ಕಿ.ಮೀ. ಇದೇ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು, ಮೂರ್ತಿ ಒಡೆಯಿತು. ಮೂರ್ತಿಯ ಕೆಳಗೆ ಪೀಠವಾಗಿ ಹಾಕಿದ್ದ ಚಪ್ಪಡಿಯನ್ನು ನೋಡಿದರೆ ಎರಡೂ ಮುಖದಲ್ಲಿ ಅಶೋಕನ ಅಕ್ಷರ! ಮೂರ್ತಿ ಕೂರಿಸಲು ಯಾರೋ ಚಪ್ಪಡಿಯ ನಡುವೆ ಚೌಕಾಕಾರದ ತೂತು ಕೊರೆದಿದ್ದರಿಂದ ಅಷ್ಟು ಭಾಗದ ಪಾಠ ಹೋಗಿದೆ. ಈ ಚಪ್ಪಡಿಯನ್ನು ನೋಡಬೇಕೆಂದರೆ ಇಲಾಖೆಯ ಸಿಬ್ಬಂದಿಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಕಾವಲಿನವರು ಇಲ್ಲದ ಹೊತ್ತಿಗೆ ಹೋಗಿ ಹಾಗೇ ವಾಪಸಾಗುವುದು ಇಲ್ಲಿ ತೀರ ಸಾಮಾನ್ಯ.

ಈ ಕಲ್ಲಿನ ಬಗ್ಗೆ ನಿಧಾನವಾಗಿ ಹೇಳಬೇಕು. ಒಂದು ಮುಖದಲ್ಲಿರುವುದು ಹನ್ನೆರಡನೆಯ ಬಂಡೆಶಾಸನದ ಭಾಗ ಮತ್ತು ಹದಿನಾಲ್ಕನೆಯದು. ಇನ್ನೊಂದು ಮುಖದಲ್ಲಿ ಹದಿನಾಲ್ಕರ ಸಾಲಿಗೆ ಸೇರದ ಎರಡು ಪ್ರತ್ಯೇಕ ಶಾಸನಗಳಿವೆ. ಹನ್ನೆರಡು ಮುಗಿದ ಕೂಡಲೇ ಹದಿನಾಲ್ಕು. ನಡುವೆ ಕಲ್ಲು ಒಡೆದು ಹೋದದ್ದಲ್ಲ, ಹದಿಮೂರನ್ನು ಬರೆಯಲೇ ಇಲ್ಲ. ಆ ಪ್ರತ್ಯೇಕ ಶಾಸನಗಳು ಬೇರೆಲ್ಲಿ ಸಿಕ್ಕಿವೆ ಎಂದು ನೋಡಿದರೆ ಧೌಲಿ ಮತ್ತು ಜೌಗಡ, ಎರಡೂ ಒಡಿಶಾದಲ್ಲಿ, ಅಂದರೆ ಕಳಿಂಗದ ನೆಲದಲ್ಲೇ. ಅಲ್ಲಿಯೂ ಹದಿಮೂರನೆಯದು ಇಲ್ಲ. ಸೋತ ನಾಡಿನ ಜನರ ಕಣ್ಣೆದುರು ಅವರ ಸಾವಿನ ಲೆಕ್ಕ ಇಡಬಾರದೆಂದು ಬಿಟ್ಟಿರಬೇಕು ಎಂಬುದು ವಿದ್ವಾಂಸರ ಒಪ್ಪಿತ ವಿವರಣೆ. ಅದರ ಬದಲು ಕಳಿಂಗದ ಅಧಿಕಾರಿಗಳಿಗೆ ಹೇಳಿದ್ದು "ಎಲ್ಲ ಮನುಷ್ಯರೂ ನನ್ನ ಮಕ್ಕಳು" ಎಂದು. ಸುಮ್ಮಸುಮ್ಮನೆ ಯಾರನ್ನೂ ಸೆರೆಯಲ್ಲಿಡಬೇಡಿ, ಹಿಂಸಿಸಬೇಡಿ ಎಂದು. ಗಡಿಯಾಚೆಯವರಿಗೆ ನನ್ನ ಭಯ ಬೇಡವೆಂದು ತಿಳಿಸಿ ಎಂದು.

ಕಳಿಂಗಕ್ಕೆ ಮಾಡಿದ ಈ ಏರ್ಪಾಡು ಭೀಮೆಯ ದಡಕ್ಕೆ ಯಾಕೆ ಬಂತು? ಗಡಿನಾಡಿನ ಜನಕ್ಕೆ ಹೇಳಬೇಕಾದ ಮಾತು ಎರಡೂ ಕಡೆ ಒಂದೇ ಆಗಿತ್ತು ಎಂಬ ಉತ್ತರವೇ ಹೆಚ್ಚು ಸರಿಯೆನಿಸುತ್ತದೆ. ಹದಿನಾಲ್ಕನೆಯ ಶಾಸನ ತಾನೇ ಇದಕ್ಕೆ ಸಾಕ್ಷಿ ಹೇಳುತ್ತದೆ: ಈ ಧರ್ಮಲಿಪಿಗಳು ಕೆಲವೆಡೆ ಚಿಕ್ಕವು, ಕೆಲವೆಡೆ ನಡುಗಾತ್ರದವು, ಕೆಲವೆಡೆ ವಿಸ್ತಾರವಾದವು, ಎಲ್ಲವೂ ಎಲ್ಲೆಡೆಗೂ ಹೊಂದುವುದಿಲ್ಲ, ಕೆಲವನ್ನು ಮಾತಿನ ಸವಿಗಾಗಿ ಮತ್ತೆ ಮತ್ತೆ ಹೇಳಿದೆ, ಅರೆಬರೆಯಾಗಿದ್ದರೆ ಸ್ಥಳದ ಕಾರಣದಿಂದಲೋ ಲಿಪಿಕಾರನ ತಪ್ಪಿನಿಂದಲೋ ಆಗಿರಬಹುದು. ತನ್ನ ಬರಹದ ಪಾಠಾಂತರಗಳ ಬಗ್ಗೆ ಇಷ್ಟು ಮುಕ್ತವಾಗಿ ಮಾತಾಡಿದ ರಾಜರು ಅಪರೂಪ.

ಹನ್ನೆರಡನೆಯದು ವಿಚಾರವಂತರ ಶಾಸನ. ಬ್ರಾಹ್ಮಣರು, ಶ್ರಮಣರು, ಆಜೀವಿಕರು, ಜೈನರು ಬೀದಿಬೀದಿಯಲ್ಲಿ ವಾದಕ್ಕೆ ನಿಲ್ಲುತ್ತಿದ್ದ ಕಾಲ ಅದು. ತನ್ನ ಮತವನ್ನು ಹೊಗಳಿಕೊಂಡು ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಹೆಚ್ಚು ಕೇಡು ಮಾಡುತ್ತಾನೆ, ಮಾತಿಗೆ ಕಡಿವಾಣ ಬೇಕು, ಒಬ್ಬರು ಇನ್ನೊಬ್ಬರ ಧರ್ಮವನ್ನು ಕೇಳಿಸಿಕೊಳ್ಳಬೇಕು ಎನ್ನುತ್ತದೆ. "ಸಮವಾಯೋ ಏವ ಸಾಧು", ಅಂದರೆ ಹೊಂದಿಕೊಂಡಿರುವುದೇ ಒಳ್ಳೆಯದು ಎಂಬ ಮಾತು ಗುಜರಾತಿನ ಗಿರ್ನಾರ್ ಬಂಡೆಯ ಪಾಠದಲ್ಲಿ ಅಚ್ಚುಕಟ್ಟಾಗಿ ಉಳಿದಿದೆ.

ಸಂಜೆ ಸನ್ನತಿಯ ಬ್ಯಾರೇಜ್ ಸೇತುವೆ ದಾಟಿ ಶಹಾಪುರ, ಸುರಪುರ, ತಿಂಥಣಿ ಮೂಲಕ ಕೃಷ್ಣೆಯ ಈಚೆಗೆ ಬಂದು ಲಿಂಗಸುಗೂರಿನಲ್ಲಿ ತಂಗಬೇಕು. ದೂರ ಹೆಚ್ಚು, ನಾಲ್ಕಕ್ಕಾದರೂ ಸನ್ನತಿ ಬಿಡದಿದ್ದರೆ ಕತ್ತಲಲ್ಲಿ ಕಬ್ಬು, ಹತ್ತಿ ಹೇರಿದ ಟ್ರ್ಯಾಕ್ಟರ್‌ಗಳ ಹಿಂದೆ ಸಾಗಬೇಕಾಗುತ್ತದೆ.

ಎರಡನೆಯ ದಿನ: ಮಸ್ಕಿ

ಲಿಂಗಸುಗೂರಿನಿಂದ ಸಿಂಧನೂರು ರಸ್ತೆಯಲ್ಲಿ ಸುಮಾರು 28 ಕಿ.ಮೀ. ಹೋದರೆ ಮಸ್ಕಿ. 1915ರ ಜನವರಿಯಲ್ಲಿ ಇಲ್ಲಿ ಶಾಸನ ಕಂಡವನು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಅವನು ಹುಡುಕುತ್ತಿದ್ದದ್ದು ಚಿನ್ನ. ಹತ್ತಿರದ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ. ಅಲ್ಲಿ ಹಳೆಯ ಕಾಲದವರು ತೋಡಿದ ಗುಂಡಿಗಳು ಆಧುನಿಕ ಗಣಿಗಾರರನ್ನು ಬೆರಗುಗೊಳಿಸುವಷ್ಟು ಆಳಕ್ಕೆ ಇಳಿದಿವೆ. ಪಾಟಲಿಪುತ್ರದ ದೊರೆಗೆ ಈ ಒಣ ನೆಲದಲ್ಲಿ ಏನು ಕೆಲಸ ಎಂದು ಕೇಳುವವರು ಮೊದಲು ಈ ಚಿನ್ನವನ್ನು ನೆನೆಯಬೇಕು.

ಇಲ್ಲಿನ ಒಂದು ಸಾಲು ಇತಿಹಾಸದ ದೊಡ್ಡ ಗಂಟನ್ನು ಬಿಚ್ಚಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು "ದೇವಾನಂಪಿಯ ಪಿಯದಸಿ", ದೇವರಿಗೆ ಪ್ರಿಯನಾದ ಪ್ರಿಯದರ್ಶಿ ಎಂಬ ಬಿರುದು ಮಾತ್ರ. ಸಿಂಹಳದ ಪಾಳಿ ಗ್ರಂಥಗಳನ್ನು ನೋಡುತ್ತಿದ್ದ ಜಾರ್ಜ್ ಟರ್ನರ್ ಪಿಯದಸಿ ಎಂದರೆ ಅಶೋಕನೇ ಎಂದು ತೋರಿಸಿಕೊಟ್ಟ. ಒಪ್ಪುವಂತಿತ್ತು, ಆದರೆ ಕಲ್ಲಿನ ಸಾಕ್ಷಿ ಇರಲಿಲ್ಲ. ಸುಮಾರು ಎಂಬತ್ತು ವರ್ಷದ ನಂತರ ಮಸ್ಕಿಯ ಬಂಡೆ "ದೇವಾನಂಪಿಯಸ ಅಸೋಕಸ" ಎಂದು ಹೆಸರು ಹಿಡಿದು ಹೇಳಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ನಮ್ಮ ನಿಟ್ಟೂರು, ಉಡೇಗೋಳಗಳಲ್ಲಿಯೂ ಹೆಸರು ಸಿಕ್ಕಿತು.

ಶಾಸನ ಇರುವುದು ದುರ್ಗದ ಗುಡ್ಡದ ಪಶ್ಚಿಮ ಇಳಿಜಾರಿನ ಬಂಡೆಗವಿಯಲ್ಲಿ. ಸ್ಥಳ ನೆರಳಿನದ್ದು, ಟಾರ್ಚ್ ಇಲ್ಲದೆ ಓದಲಾಗದು. ಪಾಠದ ಬಹುಭಾಗ ಸವೆದಿದೆ. ಹೆಸರನ್ನು ಮಾತ್ರ ಹುಡುಕಿ ನೋಡುವುದು ಕಷ್ಟವಲ್ಲ, ನಾಲ್ಕೇ ಅಕ್ಷರ: ಅ, ಸೋ, ಕ, ಸ. ಇವುಗಳಲ್ಲಿ ಮೊದಲು ಗುರುತಿಸಬೇಕಾದದ್ದು "ಕ". ಅಶೋಕನ ಬ್ರಾಹ್ಮಿಯಲ್ಲಿ ಅದು ಶಾಲೆಯ ಕೂಡಿಸುವ ಚಿಹ್ನೆ, ಒಂದು ನಿಂತ ಗೀಟು, ಒಂದು ಅಡ್ಡ ಗೀಟು. ಅದರ ಎಡಕ್ಕೆ ಇರುವ "ಸ"ದ ನೆತ್ತಿಯ ಎರಡೂ ಪಕ್ಕ ಪುಟ್ಟ ಗೀಟು ಇದ್ದರೆ ಅದು ಒಕಾರ, ಅಂದರೆ "ಸೋ". ಬಲಕ್ಕೆ ಒಂದೇ ಗೀಟಿದ್ದರೆ ಆಕಾರ, ಎಡಕ್ಕೆ ಒಂದೇ ಇದ್ದರೆ ಎಕಾರ, ಬುಡದಲ್ಲಿದ್ದರೆ ಉಕಾರ. "ಗ" ಗುಡಾರದಂತೆ, "ನ" ತಲೆಕೆಳಗಾದ ಇಂಗ್ಲಿಷ್ ಟಿ, "ಬ" ಚೌಕ, "ಠ" ಬರೀ ದುಂಡು, "ಥ" ನಡುವೆ ಚುಕ್ಕೆಯಿರುವ ದುಂಡು. ಇಷ್ಟು ಕಲಿತರೆ ಮುಂದಿನ ನಾಲ್ಕು ದಿನ ಬಂಡೆಗಳು ಮೂಕವಾಗಿ ಉಳಿಯುವುದಿಲ್ಲ.

ತಪ್ಪಾಗುವುದು ಎಲ್ಲಿ ಎಂದರೆ ಬಿರುಕಿನಲ್ಲಿ. ಗ್ರಾನೈಟಿನ ಸಣ್ಣ ಸೀಳು ಅಕ್ಷರದ ತಲೆಗೆ ತಾಗಿದರೆ ಇಲ್ಲದ ಸ್ವರ ಹುಟ್ಟುತ್ತದೆ. ಕಲ್ಲಿನ ಹರಳು ಉದುರಿದ ಕುಳಿ ಅನುಸ್ವಾರದಂತೆ ಕಾಣುತ್ತದೆ. ಉಳಿ ತಾಗಿದ ಗೀರಿನ ಅಗಲ ಉದ್ದಕ್ಕೂ ಒಂದೇ ಸಮನಾಗಿರುತ್ತದೆ, ಬಿರುಕು ಒಂದು ಕಡೆ ಕೂದಲೆಳೆಯಾಗಿ ಇನ್ನೊಂದು ಕಡೆ ಅಗಲವಾಗುತ್ತದೆ. ಶಾಸನಶಾಸ್ತ್ರಜ್ಞರು ಇದನ್ನು ಬಗೆಹರಿಸುವುದು ಪಡಿಯಚ್ಚಿನಿಂದ. ಕಲ್ಲನ್ನು ಚೆನ್ನಾಗಿ ಉಜ್ಜಿ ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಬ್ರಷ್ಷಿನಿಂದ ಬಡಿದು ಕಾಗದವನ್ನು ಅಕ್ಷರದ ಕುಳಿಯೊಳಗೆ ಇಳಿಸುತ್ತಾರೆ. ಆಮೇಲೆ ಮಸಿಯ ಉಂಡೆಯಿಂದ ಹಗುರವಾಗಿ ತಟ್ಟುತ್ತಾರೆ. ಮೇಲ್ಮೈ ಕಪ್ಪಾಗುತ್ತದೆ, ಕುಳಿಯೊಳಗಿನ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕಾಗದದಲ್ಲಿ ನೀರು ಹೆಚ್ಚಾದರೆ ಮಸಿ ಹರಡಿ ಬಿಳಿ ಗೀಟು ಮುಚ್ಚಿಹೋಗುತ್ತದೆ, ಕೆಳಗೆ ಗಾಳಿಗುಳ್ಳೆ ಉಳಿದರೆ ಅಷ್ಟು ಜಾಗ ಹರಿಯುತ್ತದೆ. ಇದು ಅನುಮತಿ ಪಡೆದ ತಜ್ಞರ ಕೆಲಸ, ಪ್ರವಾಸಿಗರದ್ದಲ್ಲ. ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲಿದೆ.

ಮಸ್ಕಿಯಿಂದ ಕೊಪ್ಪಳಕ್ಕೆ ಹೋಗುವಾಗ ಕನಕಗಿರಿಯ ಮೇಲೆ ಹೋಗುವುದು ಚೆನ್ನ. ಅಶೋಕನ ದಕ್ಷಿಣದ ರಾಜಧಾನಿ ಸುವರ್ಣಗಿರಿ ಇದೇ ಎಂದು ಹಲವರ ವಾದ, ಹೆಸರಿನ ಅರ್ಥ ಒಂದೇ. ಎರ್ರಗುಡಿಯ ಪಕ್ಕದ ಜೊನ್ನಗಿರಿಯ ಪರವಾಗಿಯೂ ಅಷ್ಟೇ ಬಲವಾದ ವಾದವಿದೆ. ಕನಕಗಿರಿಯಲ್ಲಿ ಕಣ್ಣಿಗೆ ಕಾಣುವುದೆಲ್ಲ ಬಹಳ ಈಚಿನ ಕಟ್ಟಡಗಳು, ಮೌರ್ಯರ ಕಾಲದ್ದೆಂದು ತೋರಿಸುವಂಥದ್ದು ಮೇಲೆ ಏನೂ ಇಲ್ಲ.

ಮೂರನೆಯ ದಿನ: ಕೊಪ್ಪಳ

ಒಂದೇ ಊರಿನಲ್ಲಿ ಎರಡು ಶಾಸನ. 1931ರಲ್ಲಿ ಎರಡನ್ನೂ ಗುರುತಿಸಿದವರು ಕೊಪ್ಪಳದವರೇ ಆದ ಎನ್.ಬಿ. ಶಾಸ್ತ್ರಿ. ಬೆಳಿಗ್ಗೆ ಪಾಲ್ಕಿಗುಂಡು ಹತ್ತಬೇಕು. ಎರಡು ಎತ್ತರದ ಬಂಡೆಗಳ ಮೇಲೆ ಒಂದು ಭಾರಿ ಹಾಸುಗಲ್ಲು ಕೂತು ಪಲ್ಲಕ್ಕಿಯಂತೆ ಕಾಣುವುದರಿಂದ ಆ ಹೆಸರು. ಹತ್ತುವ ದಾರಿ ಕಡಿದು, ಕೊನೆಯಲ್ಲಿ ಕೈಯೂರಿ ಏರಬೇಕು. ಚಪ್ಪಲಿ ನಡೆಯದು, ಹಿಡಿತವಿರುವ ಶೂ ಬೇಕು. ಇಲ್ಲಿನ ಪಾಠ ತುಂಬಾ ಸವೆದಿದೆ. ಗಾಳಿ, ಮಳೆ ನೇರ ಬಡಿಯುವ ಜಾಗ ಅದು. ಹತ್ತಿರದಲ್ಲೇ ಜೋಡಿ ಪಾದ ಮತ್ತು ಹಳಗನ್ನಡದ ಪುಟ್ಟ ಬರಹವಿದೆ: ಜಟಾಸಿಂಗನಂದಿ ಆಚಾರ್ಯರ ಪಾದವನ್ನು ಚಾವಯ್ಯ ಮಾಡಿಸಿದ ಎಂದು. ವರಾಂಗಚರಿತ ಬರೆದ ಜೈನಕವಿ ಅವರು. ಬೌದ್ಧ ಉಪಾಸಕನಾದ ದೊರೆಯ ಪ್ರಾಕೃತ, ಜೈನ ಮುನಿಯ ನೆನಪಿನ ಕನ್ನಡ, ಎರಡೂ ಒಂದೇ ಗುಡ್ಡದ ತಲೆಯ ಮೇಲೆ! ಕೊಪಣವೆಂಬ ಹೆಸರಿನಿಂದ ಇದು ಜೈನರ ಮಹಾತೀರ್ಥವಾಯಿತು. ತಿರುಳ್ಗನ್ನಡದ ಎಲ್ಲೆ ಹೇಳುವಾಗ ಕವಿರಾಜಮಾರ್ಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆ ಮಹಾಕೊಪಣ ನಗರವನ್ನು ಸೇರಿಸಿತು.

ಗವಿಮಠದ ಶಾಸನಕ್ಕೆ ಛತ್ರಿಯಂತೆ ಚಾಚಿದ ಕಲ್ಲಿನ ಆಸರೆ ಇದೆ, ಅದರಿಂದಲೇ ಅಕ್ಷರ ಚೆನ್ನಾಗಿ ಉಳಿದಿದೆ. ಮೊದಲ ಬಾರಿ ಬ್ರಾಹ್ಮಿ ಓದುವವರು ಇಲ್ಲಿ ಎರಡು ಗಂಟೆ ಕೂರಬೇಕು. ಹದಿನಾಲ್ಕರ ಸಾಲಿಗೆ ಸೇರದ ಇಂಥ ಚಿಕ್ಕ ಶಾಸನಗಳನ್ನು ಕಿರುಶಾಸನ ಎನ್ನುತ್ತಾರೆ. ಇಲ್ಲಿನ ಕಿರುಶಾಸನದ ಪೂರ್ತಿ ತಾತ್ಪರ್ಯ ಇಷ್ಟು: ನಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಹೆಚ್ಚೇನೂ ಶ್ರಮಿಸಲಿಲ್ಲ, ಸಂಘದ ಸಮೀಪಕ್ಕೆ ಬಂದ ಮೇಲೆ, ಈಗ ಒಂದು ವರ್ಷದಿಂದ ಬಲವಾಗಿ ಶ್ರಮಿಸುತ್ತಿದ್ದೇನೆ, ಇದು ದೊಡ್ಡವರಿಂದ ಮಾತ್ರ ಆಗುವಂಥದ್ದಲ್ಲ, ಸಣ್ಣವನೂ ಶ್ರಮಪಟ್ಟರೆ ಸ್ವರ್ಗ ಪಡೆಯಬಹುದು. ಪಟ್ಟಕ್ಕೆ ಬಂದು ಹತ್ತು ಹನ್ನೆರಡು ವರ್ಷದ ಚಕ್ರವರ್ತಿ ನಾನು ಮೊದಲ ವರ್ಷ ಸೋಮಾರಿಯಾಗಿದ್ದೆ ಎಂದು ಕಲ್ಲಿನ ಮೇಲೆ ಒಪ್ಪಿಕೊಂಡದ್ದು ಇದು.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ. ಲಕ್ಷಾಂತರ ಜನ ಸೇರುವಾಗ ವಸತಿ ಸಿಗುವುದಿಲ್ಲ, ಗುಡ್ಡದ ಮೇಲೆ ಏಕಾಂತವೂ ಇರುವುದಿಲ್ಲ. ದಿನಾಂಕ ನೋಡಿಕೊಂಡು ಹೊರಡಬೇಕು.

ನಾಲ್ಕನೆಯ ದಿನ: ನಿಟ್ಟೂರು, ಉಡೇಗೋಳ

ಕೊಪ್ಪಳದಿಂದ ಗಂಗಾವತಿ ದಾರಿಯಲ್ಲಿ ಹಿರೇಬೆಣಕಲ್ ಸಿಗುತ್ತದೆ. ಅಲ್ಲಿಯ ಬೆಟ್ಟದ ಮೇಲಿನ ಕಲ್ಲುಮನೆಗಳನ್ನು ಜನ ಮೋರೇರ ಮನೆ ಎನ್ನುತ್ತಾರೆ. ಹೆಸರು ಕೇಳಿ ಮೌರ್ಯರು ಕಟ್ಟಿದ್ದು ಎಂದುಕೊಳ್ಳುವುದು ಬೇಡ. ಅವು ಬೃಹತ್ ಶಿಲಾಯುಗದವರ ಸಮಾಧಿಗಳು, ಕಟ್ಟಲು ತೊಡಗಿದ್ದು ಅಶೋಕನಿಗಿಂತ ಬಹಳ ಹಿಂದೆ. ಹತ್ತಲು ಇಳಿಯಲು ಅರ್ಧ ದಿನ ಬೇಕು, ಆದ್ದರಿಂದ ಇದಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಬೇಕು.

ಗಂಗಾವತಿಯಿಂದ ಕಂಪ್ಲಿ ಸೇತುವೆ ದಾಟಿದರೆ ದೂರ ಉಳಿಯುತ್ತದೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಈ ಸೇತುವೆ ಮುಳುಗುತ್ತದೆ, ಆಗ ಹೊಸಪೇಟೆ ಸುತ್ತಿ ಬರಬೇಕು. ನಿಟ್ಟೂರು ಸಿರುಗುಪ್ಪ ಸೀಮೆಯಲ್ಲಿ ತುಂಗಭದ್ರೆಯ ದಡದ ಊರು, ಸುತ್ತಲೂ ಭತ್ತದ ಗದ್ದೆ. ಇದೂ ಉಡೇಗೋಳವೂ ಬೆಳಕಿಗೆ ಬಂದದ್ದು 1970ರ ದಶಕದ ಕೊನೆಗೆ. ಇಲ್ಲಿ ಸಿಗುವ ಮಾತು "ರಾಜಾ ಅಸೋಕೋ". ಮಸ್ಕಿಯಲ್ಲಿ ಬರೀ ಹೆಸರಿತ್ತು, ಇಲ್ಲಿ ಜೊತೆಗೆ ರಾಜ ಪದವಿ. ಎರಡೂ ಊರಿನಲ್ಲಿ ಕಡೆಯ ಒಂದೆರಡು ಕಿ.ಮೀ. ಹೊಲದ ದಾರಿ. ನೀರು ಹಾಯಿಸಿದ ದಿನ ಕಾರು ಹೂತುಕೊಳ್ಳುತ್ತದೆ, ಡಾಂಬರು ಮುಗಿದಲ್ಲೇ ನಿಲ್ಲಿಸಿ ನಡೆಯುವುದು ವಾಸಿ. ರಾತ್ರಿ ಬಳ್ಳಾರಿ.

ಐದನೆಯ ದಿನ: ಜಟಿಂಗ ರಾಮೇಶ್ವರ, ಬ್ರಹ್ಮಗಿರಿ, ಸಿದ್ದಾಪುರ

ಬಳ್ಳಾರಿಯಿಂದ ರಾಂಪುರ ದಾರಿ ಹಿಡಿದು ಮೊಳಕಾಲ್ಮೂರು ತಾಲ್ಲೂಕಿಗೆ. ಬೆಳಗಿನ ತಂಪಿನಲ್ಲಿ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿ ಮುಗಿಸಬೇಕು. ರಾವಣನೊಡನೆ ಕಾದಿ ಜಟಾಯು ಬಿದ್ದ ಜಾಗ ಎಂದು ಸ್ಥಳಪುರಾಣ. ಮೇಲೆ ರಾಮೇಶ್ವರನ ಗುಡಿ, ಅದರ ಬಳಿಯ ಶಾಸನದ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಇದರ ಮೇಲೇ ಅಂಗಡಿ ಹೂಡುತ್ತಿದ್ದರು, ಚಪ್ಪರದ ಗಳು ನಿಲ್ಲಿಸಲು ಕೊರೆದ ಕುಳಿಗಳು ಅಕ್ಷರಗಳ ನಡುವೆಯೇ ಬಿದ್ದಿವೆ. ಮೂರರಲ್ಲಿ ಹೆಚ್ಚು ಹಾಳಾದದ್ದು ಇದೇ. ಬಂಡೆಸಂದಿಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಬೀಡಿ, ಊದುಬತ್ತಿಯ ಹೊಗೆ ಬೇಡ, ಗದ್ದಲವೂ ಬೇಡ.

ಇಳಿದು ಬ್ರಹ್ಮಗಿರಿಗೆ ಬಂದರೆ ಅಕ್ಷರಗುಂಡು. ಬಿ.ಎಲ್. ರೈಸ್ 1892ರಲ್ಲಿ ಈ ಮೂರು ಶಾಸನಗಳನ್ನು ಬೆಳಕಿಗೆ ತಂದರು. ಆದರೆ ಕಲ್ಲಿನ ಮೇಲಿರುವುದು ಅಕ್ಷರವೆಂದು ಊರವರಿಗೆ ಅದಕ್ಕೂ ಮೊದಲೇ ಗೊತ್ತಿತ್ತು, ಗುಂಡಿನ ಹೆಸರೇ ಹೇಳುತ್ತದೆ. ಹದಿಮೂರು ಸಾಲು. ಶುರುವಾಗುವುದು ಸರ್ಕಾರಿ ಕಾಗದದ ಧಾಟಿಯಲ್ಲಿ: ಸುವರ್ಣಗಿರಿಯಿಂದ ಆರ್ಯಪುತ್ರನ ಮತ್ತು ಮಹಾಮಾತ್ರರ ಮಾತಿನಂತೆ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು, ಆಮೇಲೆ ಹೀಗೆ ಹೇಳಬೇಕು ಎಂದು. ಆರ್ಯಪುತ್ರ ಎಂದರೆ ದಕ್ಷಿಣವನ್ನು ನೋಡಿಕೊಳ್ಳುತ್ತಿದ್ದ ರಾಜಕುಮಾರ. ಮಹಾಮಾತ್ರರು ಎಂದರೆ ಹಿರಿಯ ಅಧಿಕಾರಿಗಳು. ಇಸಿಲ ಎಂದರೆ ಈ ಬೆಟ್ಟದ ಬುಡದ ಊರು. ಉಭಯ ಕುಶಲೋಪರಿ ಸಾಂಪ್ರತ ಎಂದು ಕಾಗದ ಶುರುಮಾಡುತ್ತಿದ್ದವರಿಗೆ ಇದು ಮನೆಯ ಮಾತಿನಂತೆ ಕೇಳುತ್ತದೆ.

ಮುಂದೆ ಗವಿಮಠದಲ್ಲಿ ಓದಿದ್ದೇ ಪಾಠ, ಅದರ ಕೊನೆಗೆ 256 ಎಂಬ ಸಂಖ್ಯೆ. ಪ್ರಯಾಣದಲ್ಲಿ ಕಳೆದ 256 ರಾತ್ರಿಗಳು ಎಂದು ಅದನ್ನು ಅರ್ಥಮಾಡುತ್ತಾರೆ. ಆಮೇಲೆ ಎರಡನೆಯ ಕಿರುಶಾಸನ: ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ಹೇಳಬೇಕು, ಶಿಷ್ಯ ಆಚಾರ್ಯನನ್ನು ಗೌರವಿಸಬೇಕು, ನೆಂಟರೊಡನೆ ತಕ್ಕಂತೆ ನಡೆಯಬೇಕು, "ಏಸಾ ಪೋರಾಣಾ ಪಕಿತಿ", ಇದು ಪುರಾತನ ನಡವಳಿಕೆ, ಆಯುಷ್ಯ ಹೆಚ್ಚಿಸುವಂಥದ್ದು. ಹೊಸ ಧರ್ಮ ತಂದೆ ಎಂದು ಹೇಳುವುದಿಲ್ಲ, ಹಿಂದಿನಿಂದ ಬಂದದ್ದು ಎನ್ನುತ್ತಾನೆ. ಬುದ್ಧನ ಹೆಸರೂ ಇಲ್ಲಿ ಬರುವುದಿಲ್ಲ.

ಕೊನೆಯ ಸಾಲನ್ನು ಟಾರ್ಚ್ ಹಿಡಿದು ನಿಧಾನವಾಗಿ ನೋಡಬೇಕು. "ಚಪಡೇನ ಲಿಖಿತೇ", ಚಪಡ ಬರೆದದ್ದು, ಎಂಬವರೆಗೆ ಬ್ರಾಹ್ಮಿ, ಎಡದಿಂದ ಬಲಕ್ಕೆ. ನಂತರದ ಒಂದೇ ಪದ "ಲಿಪಿಕರೇಣ" ಮಾತ್ರ ಖರೋಷ್ಠಿ, ಬಲದಿಂದ ಎಡಕ್ಕೆ. ಖರೋಷ್ಠಿ ಗಾಂಧಾರದ ಕಡೆಯ, ಅಂದರೆ ಈಗಿನ ಪಾಕಿಸ್ತಾನ ಅಫ್ಘಾನಿಸ್ತಾನದ ಗಡಿಯ ಲಿಪಿ. ಮೊಳಕಾಲ್ಮೂರಿನಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ಯಾರೂ ಇಲ್ಲದಿದ್ದರೂ ಚಪಡ ತನ್ನ ಕೈಗುರುತು ಹಾಕಿದ. ವಾಯವ್ಯದಲ್ಲಿ ಕಲಿತೋ ಕೆಲಸ ಮಾಡಿಯೋ ಬಂದ ಗುಮಾಸ್ತ ಸಾಮ್ರಾಜ್ಯದ ಈ ತುದಿಯವರೆಗೆ ನಡೆದುಬಂದಿದ್ದ ಎನ್ನಲು ಆ ಐದು ಅಕ್ಷರ ಸಾಕು.

ಅಕ್ಷರಗುಂಡಿನ ಸುತ್ತಲ ನೆಲವನ್ನು ಮಾರ್ಟಿಮರ್ ವೀಲರ್ 1947ರಲ್ಲಿ ಅಗೆದರು. ತಳದಲ್ಲಿ ಉಜ್ಜಿದ ಕಲ್ಲುಕೊಡಲಿಯವರು, ಮೇಲೆ ಕಬ್ಬಿಣ ಬಳಸಿ ಕಲ್ಲುಸಮಾಧಿ ಕಟ್ಟಿದವರು, ಅದರ ಮೇಲೆ ಶಾತವಾಹನರ ಕಾಲದ ಪದರ. ಸಮಾಧಿಗಳಲ್ಲಿ ನಾಲ್ಕು ಚಪ್ಪಡಿಗಳನ್ನು ಒಂದರ ಅಂಚು ಇನ್ನೊಂದನ್ನು ದಾಟುವಂತೆ ನಿಲ್ಲಿಸಿರುತ್ತಾರೆ. ಹೀಗೆ ಮಾಡಿದರೆ ಹೊರಗಿನ ಮಣ್ಣಿನ ಒತ್ತಡಕ್ಕೆ ಚಪ್ಪಡಿ ಒಳಗೆ ಬೀಳುವುದಿಲ್ಲ. ಪೂರ್ವದ ಚಪ್ಪಡಿಯಲ್ಲಿ ದುಂಡು ಕಂಡಿ ಇರುತ್ತದೆ.

ಅಶೋಕ ಸಿದ್ದಾಪುರದ ಶಾಸನ ಹತ್ತಿರದಲ್ಲೇ, ಪಾಠ ಇದೇ. ಬ್ರಹ್ಮಗಿರಿಯಲ್ಲಿ ಅನುಮಾನ ಉಳಿದ ಅಕ್ಷರಗಳನ್ನು ಇಲ್ಲಿ ಹೋಲಿಸಿ ನೋಡಲು ಅನುಕೂಲ. ಮೂರೂ ಶಾಸನ ಮುಗಿಸಿ ಸಂಜೆಗೆ ಮತ್ತೆ ಬಳ್ಳಾರಿ.

ಆರನೆಯ ದಿನ: ಎರ್ರಗುಡಿ

ಬಳ್ಳಾರಿಯಿಂದ ಗುಂತಕಲ್ಲು, ಅಲ್ಲಿಂದ ಗುತ್ತಿ, ಗುತ್ತಿಯಿಂದ ಪತ್ತಿಕೊಂಡದ ರಸ್ತೆ. ನಸುಕಿಗೇ ಹೊರಟರೆ ಎಂಟರೊಳಗೆ ಬಂಡೆಯ ಮುಂದೆ ನಿಲ್ಲಬಹುದು. 1928–29ರ ಹೊತ್ತಿಗೆ ಇದನ್ನು ಕಂಡವರು ಭೂವಿಜ್ಞಾನಿ ಅನು ಘೋಷ್. ಗುಡ್ಡದ ಹಲವು ಗುಂಡುಗಳ ಮೇಲೆ ಹದಿನಾಲ್ಕೂ ದೊಡ್ಡ ಶಾಸನಗಳು ಮತ್ತು ಎರಡೂ ಕಿರುಶಾಸನಗಳಿವೆ. ಎರಡು ಬಗೆಯೂ ಒಂದೇ ಕಡೆ ಇರುವುದು ಇಲ್ಲಿನ ವಿಶೇಷ.

ಕಿರುಶಾಸನದ ಬಂಡೆಯಲ್ಲಿ ಕೆಲವು ಸಾಲು ಬಲದಿಂದ ಎಡಕ್ಕೆ ಓಡುತ್ತವೆ, ನೇಗಿಲು ಹೊಲದ ತುದಿ ಮುಟ್ಟಿ ತಿರುಗಿ ಬಂದ ಹಾಗೆ. ಗೊತ್ತಿಲ್ಲದೆ ಓದಿದರೆ ಏನೂ ಅರ್ಥವಾಗುವುದಿಲ್ಲ. ಇಲ್ಲಿನ ಪಾಠದಲ್ಲಿ ಆಜ್ಞೆ ಇಳಿಯುವ ದಾರಿಯೂ ಇದೆ: ಮಹಾಮಾತ್ರರು ರಜ್ಜುಕನಿಗೆ ಹೇಳಬೇಕು, ರಜ್ಜುಕ ಭೇರಿ ಬಾರಿಸಿ ಜನಪದಕ್ಕೆ ಹೇಳಬೇಕು, ಆನೆ ಏರುವವರಿಗೆ, ಕರಣಕರಿಗೆ, ಬ್ರಾಹ್ಮಣರಿಗೆ ತಿಳಿಸಬೇಕು. ರಜ್ಜುಕ ಎಂದರೆ ನಾಡಿನ ಆಡಳಿತ ನೋಡುವ ಅಧಿಕಾರಿ, ಕರಣಕ ಎಂದರೆ ಲೆಕ್ಕ ಬರೆಯುವವನು. ಕನ್ನಡದ ಕರಣಿಕ, ಕರಣಂ ಎಂಬ ತೆಲುಗು ಹುದ್ದೆ ಎಲ್ಲವೂ ಆ ಪದದ ಬಳಗ.

ಹದಿಮೂರನೆಯದಕ್ಕೆ ಬರೋಣ. ಕೆಲವೆಡೆ ಪಾಠ ಕೆಟ್ಟಿದೆ; ಉತ್ತರಾಖಂಡದ ಕಾಲ್ಸಿ ಮತ್ತು ಪಾಕಿಸ್ತಾನದ ಶಹಬಾಜ್‌ಗಢಿಯಲ್ಲಿರುವ ಇದೇ ಶಾಸನದ ಪಾಠಗಳ ಮುದ್ರಿತ ಪ್ರತಿಯನ್ನು ಕೈಯಲ್ಲಿ ಹಿಡಿದು ಹೋಲಿಸುತ್ತಾ ಓದಬೇಕು. ಪಟ್ಟವಾಗಿ ಎಂಟು ವರ್ಷಕ್ಕೆ ಕಳಿಂಗ ಗೆದ್ದೆ ಎನ್ನುತ್ತಾನೆ, ಅಂದರೆ ಸುಮಾರು ಕ್ರಿ.ಪೂ. 261. ಹುಡುಕಬೇಕಾದ ಪದ "ಸತಸಹಸ", ನೂರು ಸಾವಿರ. ಒಮ್ಮೆ ಸೆರೆಯಾದವರಿಗೆ, ಒಮ್ಮೆ ಸತ್ತವರಿಗೆ. ಆಮೇಲಿನ ಸಾಲುಗಳು ಸಂಖ್ಯೆಗಿಂತ ಭಾರ. ಸತ್ತವರ ನಡುವೆ ಬ್ರಾಹ್ಮಣರು, ಶ್ರಮಣರು, ತಂದೆತಾಯಿಯ ಮಾತು ಕೇಳುವ, ಆಳುಕಾಳುಗಳೊಡನೆ ಸರಿಯಾಗಿ ನಡೆಯುವ ಗೃಹಸ್ಥರೂ ಇದ್ದರು. ತಾವು ಕ್ಷೇಮವಾಗಿದ್ದವರಿಗೂ ಗೆಳೆಯರು, ನೆಂಟರು ಸತ್ತ ನೋವು ತಪ್ಪಲಿಲ್ಲ ಎನ್ನುತ್ತಾನೆ. ಬ್ರಹ್ಮಗಿರಿಯಲ್ಲಿ ಹೇಗೆ ಬದುಕಬೇಕು ಎಂದು ಎಣಿಸಿದ ಗುಣಗಳೇ ಇಲ್ಲಿ ಕೊಲೆಯಾದವರ ಗುಣಗಳಾಗಿ ಬಂದಿವೆ. ಐದನೆಯ ದಿನದ ಟಿಪ್ಪಣಿ ಪಕ್ಕದಲ್ಲಿಟ್ಟು ಓದಿದರೆ ಇದು ಮೈ ನಡುಗಿಸುತ್ತದೆ.

ಪಶ್ಚಾತ್ತಾಪದ ನಡುವೆಯೂ ಅವನು ರಾಜನೇ. ಕಾಡಿನ ಜನರನ್ನು ಒಲಿಸಿಕೊಳ್ಳುತ್ತೇನೆ, ಆದರೆ ಪಶ್ಚಾತ್ತಾಪಪಟ್ಟರೂ ನನಗೆ ಬಲವಿದೆ ಎಂದು ಅವರಿಗೆ ತಿಳಿದಿರಲಿ, ತಪ್ಪಿಗೆ ನಾಚಿಕೊಂಡು ಸಾವಿನಿಂದ ತಪ್ಪಿಸಿಕೊಳ್ಳಲಿ ಎನ್ನುತ್ತಾನೆ. ಈ ಸಾಲನ್ನು ಬಿಟ್ಟು ಅಶೋಕನನ್ನು ಬಣ್ಣಿಸುವವರು ಅರ್ಧ ಶಾಸನವನ್ನೇ ಓದಿದವರು.

ಧರ್ಮವಿಜಯವೇ ದೊಡ್ಡ ವಿಜಯ ಎಂದು ಹೇಳಿ, ಆರುನೂರು ಯೋಜನ ದೂರದ ಯವನ ರಾಜರ ಹೆಸರು ಹೇಳುತ್ತಾನೆ: ಅಂತಿಯೋಕ, ಅವನಾಚೆ ತುರಮಾಯ, ಅಂತೆಕಿನ, ಮಕ, ಅಲಿಕಸುದರ. ಸಿರಿಯಾದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ, ಮ್ಯಾಸಿಡೋನಿಯಾದ ಆಂಟಿಗೋನಸ್, ಸೈರೀನಿನ ಮಗಸ್ ಮತ್ತು ಒಬ್ಬ ಅಲೆಕ್ಸಾಂಡರ್. ಇವರೆಲ್ಲ ಒಂದೇ ಕಾಲಕ್ಕೆ ಬದುಕಿದ್ದ ವರ್ಷಗಳು ಗ್ರೀಕ್ ಇತಿಹಾಸದಿಂದ ಗೊತ್ತಿರುವುದರಿಂದ ಅಶೋಕನ ಕಾಲವನ್ನು ನಿಗದಿ ಮಾಡಲು ಸಾಧ್ಯವಾಯಿತು. ಕ್ರಿ.ಪೂ. ಮೂರನೆಯ ಶತಮಾನದ ಭಾರತದ ಕಾಲಗಣನೆ ನೇತುಕೊಂಡಿರುವುದು ಈ ಐದು ಹೆಸರಿನ ಗೂಟಕ್ಕೆ. ಇತ್ತ ದಕ್ಷಿಣಕ್ಕೆ ಚೋಡರು, ಪಾಂಡ್ಯರು, ತಂಬಪಂನಿಯವರೆಗೆ, ಅಂದರೆ ಸಿಂಹಳದವರೆಗೆ.

ಮಕ್ಕಳು ಮೊಮ್ಮಕ್ಕಳು ಹೊಸ ಯುದ್ಧಗೆಲುವು ಬೇಕೆಂದುಕೊಳ್ಳದಿರಲಿ, ಗೆಲ್ಲಲೇಬೇಕಾಗಿ ಬಂದರೆ ತಾಳ್ಮೆಯಿರಲಿ, ದಂಡ ಹಗುರವಿರಲಿ ಎಂದು ಶಾಸನ ಮುಗಿಯುತ್ತದೆ. ಅದರ ಮುಂದಿನದು ಹದಿನಾಲ್ಕನೆಯದು, ಮೊದಲ ದಿನ ಭೀಮಾ ದಡದಲ್ಲಿ ನೋಡಿದ್ದೇ ಪಾಠ. ಹತ್ತೂವರೆಯೊಳಗೆ ಅದನ್ನೂ ಓದಿ ಮುಗಿಸಬೇಕು. ಹನ್ನೊಂದಾಯಿತೆಂದರೆ ಬಿಸಿಲು ನೆತ್ತಿಗೇರಿ, ಗೀರುಗಳ ನೆರಳು ಹೋಗಿ, ಬಂಡೆ ಮತ್ತೆ ಬರೀ ಬಂಡೆಯಾಗಿ ಕಾಣುತ್ತದೆ. ಬೆಂಗಳೂರಿಗೂ ಬಳ್ಳಾರಿಗೂ ಹೋಗುವವರಿಗೆ ಗುತ್ತಿ, ಗುಂತಕಲ್ಲುಗಳಲ್ಲಿ ರೈಲು ಸಿಗುತ್ತದೆ.